ಫೆಬ್ರುವರಿಯ ಎರಡನೇ ವಾರ

ಸಂಜೆ ಆರರೊಳಗೆ ಬುರ್ಗಿಗೆ ಫೋನು ಮಾಡದಿದ್ದರೆ ಫೆಬ್ರುವರಿಯ ಎರಡನೇ ವಾರ ಕೈತಪ್ಪಿ ಹೋಗುತ್ತದೆ ಎಂಬುದು ಇಮ್ಕೆಗೆ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ನೆನಪಾಗಿತ್ತು. ಸೆಪ್ಟೆಂಬರ್ ಇಪ್ಪತ್ತೊಂಬತ್ತು. ಅಲ್ಲಿ ಮೇಲೆ, ಟಿರೋಲ್ ಬೆಟ್ಟಗಳ ಓಬರ್‌ಲೇನ್ ಹಳ್ಳಿಯಲ್ಲಿ, ದನಗಳು ಇಳಿದು ಬಂದು ಕೊಟ್ಟಿಗೆ ಸೇರುವ ಕಾಲದ ಹಬ್ಬ. ಆ ಹಬ್ಬದವರೆಗೆ ಬುರ್ಗಿ ತನ್ನ ವಸತಿಮನೆಯ ಹಳೆಯ ಅತಿಥಿಗಳ ವಾರಗಳನ್ನು ಯಾರು ಕೇಳಿದರೂ ಕೊಡುವುದಿಲ್ಲ. ಮಾರನೆಯ ಬೆಳಿಗ್ಗೆ ಕಾಯುವವರ ಪಟ್ಟಿ ತೆಗೆಯುತ್ತಾಳೆ, ಆಮೇಲೆ ದೇವರೇ ಬಂದು ಕೇಳಿದರೂ ಕೋಣೆ ಇಲ್ಲ. ಅವಳ ಅತ್ತೆಯ ಕಾಲದಿಂದ ಬಂದ ಪದ್ಧತಿ. ಹೊರಡುವ ಶನಿವಾರ ಬಾಗಿಲಲ್ಲಿ ನಿಂತು ‘ಎಂದಿನಂತೆ’ ಅನ್ನಬೇಕು, ಸೆಪ್ಟೆಂಬರಿನಲ್ಲಿ ಒಂದು ಫೋನು ಮಾಡಿ ಹೌದು ಅನ್ನಬೇಕು, ಅಷ್ಟೆ. ಇಪ್ಪತ್ನಾಲ್ಕು ವರ್ಷ ಅಷ್ಟರಲ್ಲೇ ನಡೆದುಹೋಗಿತ್ತು. ಪ್ರತಿ ವರ್ಷ ಆ ಫೋನು ಮಾಡುತ್ತಿದ್ದವನು ಇಮ್ಕೆಯ ಗಂಡ ಒನ್ನೊ. ಈ ಏಪ್ರಿಲಿನಲ್ಲಿ ಇಮ್ಕೆ ಅವನನ್ನು ಬಿಟ್ಟು ಬಂದಿದ್ದಳು.

ಬುಧವಾರ ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿ ಅರ್ಧ ದಿನ. ಒಂದು ಗಂಟೆಗೆ ಬಾಗಿಲೆಳೆದು, ಬೇಕರಿಯ ಮೇಲಿನ ತನ್ನ ಎರಡು ಕೋಣೆಗಳಿಗೆ ಬಂದು ಚಹಾ ಮಾಡಿಕೊಂಡು ಕೂತಳು. ಬಟ್ಟಲಿನ ತಳದ ಕಲ್ಲುಸಕ್ಕರೆ ಬಿಸಿಗೆ ಚಟ್ಟೆಂದು ಬಿರಿಯಿತು, ಅಂಚಿನಿಂದ ಬಿಟ್ಟ ಕೆನೆ ತಳಕ್ಕಿಳಿದು ಮತ್ತೆ ಮೇಲೆ ಬಂತು, ಬೆಟ್ಟವೇ ಇಲ್ಲದ ಉತ್ತರದ ಈ ಕಡಲತೀರದ ಎಲ್ಲರ ಹಾಗೆ ಅವಳೂ ಕಲಕದೆ ಕುಡಿದಳು. ಕಣ್ಣು ಪರೀಕ್ಷೆಯ ಹಳೆಯ ಚೀಟಿಯೊಂದರ ಹಿಂಬದಿಯಲ್ಲಿ ಭಾನುವಾರದಿಂದಲೇ ಪಟ್ಟಿ ಬರೆಯುತ್ತಿದ್ದಳು. ಉಣ್ಣೆಯ ಕಾಲುಚೀಲ ಮೂರು ಜೊತೆ. ತುಟಿಗೆ ಹಚ್ಚುವ ಮುಲಾಮು. ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳಿಗೆ ಮೇಣ ಹಾಕಿಸುವುದು. ಶುಕ್ರವಾರ ಮಧ್ಯರಾತ್ರಿಯೇ ಹೊರಡುವುದೋ, ಶನಿವಾರ ನಸುಕಿಗೋ? ಮೊಣಕಾಲಿನ ಪಟ್ಟಿ. ಮೊಣಕಾಲಿನ ಪಟ್ಟಿ ಒನ್ನೊನದು. ಕೈ ತನ್ನಷ್ಟಕ್ಕೆ ತಾನೇ ಬರೆದುಬಿಟ್ಟಿತ್ತು. ಹೊಡೆದುಹಾಕಿದಳು. ಹೊಡೆದುಹಾಕಿದ ಮೇಲೆ ಅದು ಇನ್ನಷ್ಟು ಎದ್ದು ಕಾಣತೊಡಗಿತು. ಇನ್ನೂ ಕೋಣೆಯೇ ಗೊತ್ತಾಗಿಲ್ಲ, ಕಾಲುಚೀಲದ ಲೆಕ್ಕ ಹಾಕುತ್ತಿದ್ದೀಯಲ್ಲೇ, ನಾಚಿಕೆಯಾಗಲ್ವಾ ಎಂದು ತನ್ನನ್ನೇ ಬೈದುಕೊಂಡಳು. ಫೋನು ಸಕ್ಕರೆ ಡಬ್ಬಿಯ ಪಕ್ಕದಲ್ಲಿ ಬಿದ್ದಿತ್ತು. ಅದನ್ನು ಮುಟ್ಟಿದರೆ ಬುರ್ಗಿ ‘ಒನ್ನೊ ಎಲ್ಲಿ?’ ಅನ್ನುತ್ತಾಳೆ. ಅದಕ್ಕೊಂದು ಉತ್ತರ ಮೂರು ದಿನದಿಂದ ಹೊಂದಿಸುತ್ತಿದ್ದಳು, ಹೊಂದುತ್ತಿರಲಿಲ್ಲ.

ಬೇರೆಯಾಗುವಾಗ ಜಗಳ ಆಗಲೇ ಇಲ್ಲ. ಗಾಜಿನ ಮೇಜಿನ ಆಚೆ ಕೂತ ವಕೀಲ ಹೆಂಗಸೊಬ್ಬಳು ಹಂಚಿಕೆಯ ಪಟ್ಟಿಯನ್ನು ಒಂದೊಂದೇ ಓದುತ್ತ ಹೋದಳು. ಮನೆ ಅವನಿಗೆ, ಚಹಾದ ಪಿಂಗಾಣಿ ಇವಳಿಗೆ, ಕಾರು ಇವಳಿಗೆ. ಒನ್ನೊ ಎಲ್ಲಕ್ಕೂ ತಲೆಯಾಡಿಸಿದ. ‘ಗೋಡೆ ಗಡಿಯಾರ ನೀನೇ ಇಟ್ಕೊ, ನಿಮ್ಮಜ್ಜೀದು’ ಅಂದ. ಇನ್ನೇನಾದರೂ ಉಳಿದಿದೆಯೇ ಎಂದು ಆ ಹೆಂಗಸು ಕೇಳಿದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರಿಗೂ ಅದೇ ಹೊಳೆದಿತ್ತು, ಇದನ್ನು ಇಮ್ಕೆ ಆಣೆ ಮಾಡಿ ಹೇಳಬಲ್ಲಳು. ಇಬ್ಬರೂ ಇಲ್ಲ ಅಂದರು. ಒಂದು ವಾರವನ್ನು ಹೇಗೆ ಹಂಚಿಕೊಳ್ಳುವುದು? ಮೂರೂವರೆ ದಿನ ನನಗೆ, ಮೂರೂವರೆ ದಿನ ನಿನಗೆ? ಒನ್ನೊ ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು. ಅವನು ಸಮುದ್ರದ ಒಡ್ಡು ಕಾಯುವ ಇಲಾಖೆಯಲ್ಲಿ ಅಳತೆಗಾರ, ಸಮುದ್ರಮಟ್ಟಕ್ಕಿಂತ ಒಂದು ಮೀಟರು ಕೆಳಗಿನ ನೆಲದಲ್ಲಿ ಹುಟ್ಟಿದವನು, ಒಡ್ಡಿನ ಮೇಲೆ ಹತ್ತಿ ನಿಂತರೆ ಅದೇ ಅವನಿಗೆ ಬೆಟ್ಟ. ದಿನಾ ಬೆಳಿಗ್ಗೆ ಚಹಾದ ಮುಂದೆ ಕೂತು ಇವತ್ತು ಭರತ ಎಷ್ಟು ಗಂಟೆಗೆ, ಇಳಿತ ಎಷ್ಟು ಗಂಟೆಗೆ ಎಂದು ಹೇಳುತ್ತಿದ್ದ, ಅವಳು ಯಾವತ್ತೂ ಕೇಳಿರಲಿಲ್ಲ. ಹೋದ ಜನವರಿಯ ಒಂದು ಬೆಳಿಗ್ಗೆ ಅವನು ‘ಹನ್ನೊಂದೂ ಇಪ್ಪತ್ತಕ್ಕೆ’ ಅಂದಾಗ, ಇನ್ನು ಇಪ್ಪತ್ತು ವರ್ಷ ಇದನ್ನು ಕೇಳಿಸಿಕೊಳ್ಳಲು ನನ್ನಿಂದಾಗುವುದಿಲ್ಲ ಎಂದು ಅವಳಿಗೆ ತಿಳಿದುಹೋಯಿತು. ಇಷ್ಟೇ ಕಾರಣ. ಯಾರಿಗಾದರೂ ಹೇಳಿದರೆ ನಕ್ಕಾರು. ಆದರೆ ಜನವರಿಯಲ್ಲಿ ತಿಳಿದದ್ದನ್ನು ಅವನಿಗೆ ಹೇಳಿದ್ದು ಏಪ್ರಿಲಿನಲ್ಲಿ. ಮೊದಲೇ ಹೇಳಿದ್ದರೆ ವಾರ ಕೆಡುತ್ತಿತ್ತು. ವಾರ ಕೆಡಬಾರದೆಂದು ಅವಳು ಒಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದು, ಅವನ ಜೊತೆ ಹನ್ನೊಂದು ಗಂಟೆ ಕಾರಿನಲ್ಲಿ ಕೂತು, ಒಂದೇ ಕೋಣೆಯಲ್ಲಿ ಏಳು ರಾತ್ರಿ ಮಲಗಿ, ಕೊನೆಯ ಶನಿವಾರ ಅವನು ಬುರ್ಗಿಯ ಬಾಗಿಲಲ್ಲಿ ಟೊಪ್ಪಿ ತೆಗೆದು ‘ಎಂದಿನಂತೆ ಬುರ್ಗಿ’ ಅಂದಾಗ ಪಕ್ಕದಲ್ಲಿ ಸೂಟ್‌ಕೇಸು ಹಿಡಿದು ನಿಂತಿದ್ದಳು. ನಕ್ಕಿದ್ದಳು ಕೂಡ.

ಆ ನಗು ನೆನಪಾದಾಗಲೆಲ್ಲ ಕಿವಿ ಬಿಸಿಯಾಗುತ್ತದೆ. ಆದರೂ ವಾರ ಬೇಕು. ಏಳನೇ ಕೋಣೆಯ ದೇವದಾರು ಹಲಗೆಯ ವಾಸನೆ ಬೇಕು, ಬೂಟು ಒಣಗಿಸುವ ಕೋಣೆಯ ಬೆಚ್ಚಗಿನ ಒದ್ದೆ ವಾಸನೆಯೂ ಬೇಕು. ಐದು ಗಂಟೆಗೆ ಇಳಿಜಾರಿನ ಮೇಲೆ ನೀಲಿ ಇಳಿಯುವಾಗ ಎಲ್ಲಿಂದಲೋ ಚರ್ಚಿನ ಗಂಟೆ, ಆಮೇಲೆ ಹಿಮ ಹದಮಾಡುವ ಯಂತ್ರಗಳು ಎರಡೆರಡು ದೀಪ ಹಚ್ಚಿಕೊಂಡು ಮೆಲ್ಲಗೆ ಬೆಟ್ಟ ಹತ್ತುವುದು, ಕೆಳಗೆ ಬುರ್ಗಿ ಮುದ್ದೆಯಂಥ ರೊಟ್ಟಿಯುಂಡೆಗಳನ್ನು ಸಾರಿಗೆ ಬಿಡುತ್ತ ತನ್ನ ಮಾವನಿಗೆ ಗದರುವುದು. ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಕೇಬಲ್ ಕಾರಿನಲ್ಲಿ ತುದಿಗೆ ಹೋಗಿ, ಇನ್ನೂ ಯಾರೂ ಗೀರು ಎಳೆಯದ ಹಿಮದ ಮೇಲೆ ನಿಲ್ಲುವುದು. ಐವತ್ತೇಳು ವರ್ಷದಲ್ಲಿ ಇಮ್ಕೆ ತಾನು ಯಾರೆಂದು ಅನುಮಾನವಿಲ್ಲದೆ ಹೇಳಬಲ್ಲ ಜಾಗ ಅದೊಂದೇ. ಅಂಗಡಿಯಲ್ಲಿ ಅವಳು ಎಲ್ಲರ ಮೂಗಿನ ಮೇಲೆ ಕನ್ನಡಕ ಕೂರಿಸಿ, ತಲೆ ಓರೆ ಮಾಡಿ ‘ನಿಮಗೆ ಒಪ್ಪುತ್ತೆ’ ಅನ್ನುವವಳು. ಮನೆಯಲ್ಲಿ ಭರತ ಇಳಿತ ಕೇಳಿಸಿಕೊಳ್ಳುವವಳು. ಅಲ್ಲಿ ಮೇಲೆ ಮಾತ್ರ ಮೊಣಕಾಲು ಬಗ್ಗಿಸಿ, ಒಂದುಸಿರು ತೆಗೆದುಕೊಂಡು, ಹೋಗುತ್ತಾಳೆ. ಗಾಳಿ ಕಿವಿಯಲ್ಲಿ ಹರಿಯುತ್ತದೆ, ಹಲಗೆಯ ಕೆಳಗೆ ಹಿಮ ಸರ್ರನೆ ಸರಿಯುತ್ತದೆ, ಒಂದು ಯೋಚನೆಯೂ ಇರುವುದಿಲ್ಲ. ಅದು ನನ್ನದು, ಅವಳು ಈಗ ಬರಿದಾದ ಬಟ್ಟಲಿಗೆ ಹೇಳಿದಳು, ಅವನಿಗೆ ಅದು ಯಾವತ್ತೂ ಬೇಕಾಗಿರಲಿಲ್ಲ.

ಬೇಕಾಗಿರಲಿಲ್ಲ, ನಿಜ. ಮೊದಲ ವರ್ಷ ಅವನಿಗೆ ಮೂವತ್ತನಾಲ್ಕು. ದೊಡ್ಡವರ ತರಗತಿ ತುಂಬಿಹೋಗಿದ್ದರಿಂದ ಐದು ವರ್ಷದ ಮಕ್ಕಳ ಜೊತೆ ಸೇರಿಸಿದ್ದರು. ಆ ಉದ್ದನೆಯ ಆಳಿಗೆ ಮಕ್ಕಳ ಕಿತ್ತಳೆ ಬಣ್ಣದ ಅಂಗಿ ಎದೆಗೆ ಅಂಟಿಕೊಂಡಿತ್ತು, ಮಕ್ಕಳನ್ನು ಇಳಿಜಾರಿನ ಮೇಲಕ್ಕೆ ಎಳೆದೊಯ್ಯುವ ಹಗ್ಗ ಅವನ ಮೊಣಕಾಲಿಗೂ ಬರುತ್ತಿರಲಿಲ್ಲ, ಬಗ್ಗಿ ಹಿಡಿದುಕೊಂಡು ಹತ್ತಿ, ತಿರುಗಿ ಇಳಿಯುವಾಗ ಸ್ಕೀಗಳ ಮುಂತುದಿ ಒಟ್ಟುಮಾಡಿ ನಿಲ್ಲಿಸಲು ಬಾರದೆ ಬೇಲಿಗೆ ಹೋಗಿ ಬಿದ್ದ. ‘ಪಿಜ್ಜಾ ಮಾಡು ಮಾಮಾ, ಪಿಜ್ಜಾ ತುಂಡಿನ್ ಥರ ಇಟ್ಕೊ’ ಎಂದು ಒಂದು ಪುಟ್ಟ ಹುಡುಗಿ ಸೊಂಟಕ್ಕೆ ಕೈಯಿಟ್ಟು ಹೇಳಿಕೊಡುತ್ತಿತ್ತು. ಇಮ್ಕೆ ಎದುರಿನ ಹೋಟೆಲಿನ ಕಟ್ಟೆಯ ಮೇಲೆ, ಆವತ್ತಷ್ಟೇ ಪರಿಚಯವಾದ ನಾಲ್ಕು ಜನರ ನಡುವೆ, ಬಿಸಿಲು ಕಾಯುತ್ತ ಕೂತಿದ್ದಳು. ಅವರಲ್ಲೊಬ್ಬ ‘ಯಾರಪ್ಪ ಆ ಒಂಟೆ?’ ಅಂದ. ಎಲ್ಲರೂ ನಕ್ಕರು. ಅವಳೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು, ನನ್ನ ಗಂಡ ಅನ್ನಲಿಲ್ಲ. ಒನ್ನೊ ಬಿದ್ದಲ್ಲಿಂದಲೇ ತಲೆಯೆತ್ತಿ ನೋಡಿದ. ಅವಳು ನಗುವುದು ಕಂಡಿತು. ಊರುಗೋಲು ಮೇಲೆತ್ತಿ ಅವಳಿಗೆ ಕೈ ಬೀಸಿದ. ಮುಂದೆ ಪ್ರತಿ ವರ್ಷ ಹೊಸ ಅತಿಥಿಗಳು ಸಿಕ್ಕಾಗ ಆ ಪಿಜ್ಜಾ ಕಥೆಯನ್ನು ಅವನೇ ಹೇಳಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಹಾಗೆ ನಗುವವನ ಹತ್ತಿರ ಕ್ಷಮೆ ಕೇಳುವುದಾದರೂ ಹೇಗೆ, ಇಪ್ಪತ್ನಾಲ್ಕು ವರ್ಷ ಅವಳು ಕೇಳಲಿಲ್ಲ.

ಹತ್ತನೇ ವರ್ಷ ಮೊಣಕಾಲು ತಿರುಚಿಕೊಂಡ ಮೇಲೆ ಅವನು ಸ್ಕೀ ಬಿಟ್ಟ, ಬರುವುದು ಬಿಡಲಿಲ್ಲ. ಕೇಬಲ್ ಕಾರಿನ ನಡುನಿಲ್ದಾಣದ ಚಹಾದಂಗಡಿಯಲ್ಲಿ ಕಿಟಕಿ ಪಕ್ಕ ಕೂತು ಪದಬಂಧ ತುಂಬುತ್ತಿದ್ದ. ಅವಳು ತುದಿಯಿಂದ ಇಳಿದು ಬಂದು, ಬೂಟಿನ ಹಿಮ ಕುಟ್ಟಿ ಒಳಗೆ ಕಾಲಿಟ್ಟರೆ ಮೇಜಿನ ಮೇಲೆ ಸೂಪು ಹಬೆಯಾಡುತ್ತಿರುತ್ತಿತ್ತು. ಯಾವತ್ತೂ ಆರಿರುತ್ತಿರಲಿಲ್ಲ, ಯಾವತ್ತೂ ಕಾಯಬೇಕಾಗಿರಲಿಲ್ಲ. ಆ ಅಂಗಡಿಯ ಸೂಪು ಹಾಗೇ ಎಂದುಕೊಂಡಿದ್ದಳು ಅವಳು, ಪೆದ್ದಿ. ಹೋದ ಫೆಬ್ರುವರಿಯಲ್ಲಿ, ಬಾಯಿ ಮುಚ್ಚಿಕೊಂಡಿದ್ದ ಆ ವಾರದಲ್ಲಿ, ಅಂಗಡಿಯ ಹೆಂಗಸು ಲೋಟ ಒರೆಸುತ್ತ ಹೇಳಿದಳು: ‘ನಿನ್ನ ಗಂಡ ಆ ದುರ್ಬೀನು ಕೆಳಗಿಡೋದೇ ಇಲ್ಲ ನೋಡು. ನಿನ್ನ ಕೆಂಪು ಅಂಗಿ ಮೂರನೇ ಕಂಬ ದಾಟ್ತು ಅಂದ್ರೆ, ಸೂಪು ಬಡಿಸು ಅಂತ ನಂಗೆ ಕೈ ಮಾಡ್ತಾನೆ.’ ಒಡ್ಡಿನ ಮೇಲೆ ಹಕ್ಕಿ ನೋಡುವ ದುರ್ಬೀನು. ಹದಿನಾಲ್ಕು ವರ್ಷ, ತಾನು ಒಬ್ಬಳೇ ಇದ್ದೇನೆ ಎಂದು ತಿಳಿದು ಇಳಿದ ಪ್ರತಿ ಇಳಿಜಾರಿನಲ್ಲೂ ಅವನ ಕಣ್ಣು ಜೊತೆಗೆ ಇಳಿದಿತ್ತು. ಕೇಳಿದಾಗ ಇಮ್ಕೆಗೆ ಮೊದಲು ಬಂದದ್ದು ಸಿಟ್ಟು, ಯಾರೋ ಅವಳ ಡೈರಿ ಓದಿದ ಹಾಗೆ. ಆಮೇಲೆ ಬಂದದ್ದಕ್ಕೆ ಅವಳಿಗೆ ಹೆಸರು ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳಲು ಹೋಗಲೂ ಇಲ್ಲ. ಸೂಪು ಪೂರ್ತಿ ಕುಡಿದಳು.

ಗೋಡೆಯ ಗಡಿಯಾರ ಮೂರೂವರೆ ಹೊಡೆಯಿತು. ಕೆಳಗೆ ಬೇಕರಿಯವರು ತಟ್ಟೆಗಳನ್ನು ದಬದಬ ಪೇರಿಸುತ್ತಿದ್ದರು. ಇಮ್ಕೆ ಎದ್ದು ನಿಂತು, ನಿಂತುಕೊಂಡೇ ನಂಬರು ಒತ್ತಿದಳು. ಕೂತರೆ ಧೈರ್ಯ ಕರಗಿಹೋಗುತ್ತದೆ ಅನ್ನಿಸಿತ್ತು.

‘ಇಮ್ಕೆನಾ? ಅಬ್ಬ, ಬಂತಲ್ಲ ದನಿ’ ಎಂದಳು ಬುರ್ಗಿ. ‘ಬೆಳಿಗ್ಗೆಯಿಂದ ಫೋನಿನ ಸುತ್ತಾನೇ ಸುಳೀತಿದೀನಿ ಕಣೇ.’

‘ಹಬ್ಬದ ದಿನ, ನಿಂಗೆ ಕೆಲಸ ಇರುತ್ತೆ ಅಂತ...’

‘ಕೆಲಸ ಯಾವತ್ತಿಲ್ಲ? ಹಸು ಇಳಿದಾಯ್ತು, ಮಾವ ಸೊಂಟ ಹಿಡ್ಕೊಂಡು ಮಲಗಿದ್ದೂ ಆಯ್ತು. ನೀನು ವಿಷಯಕ್ಕೆ ಬಾ.’

‘ವಿಷಯ ಅಂದ್ರೆ, ವಾರ. ಒನ್ನೊ...’

‘ಒನ್ನೊ ಸೋಮವಾರಾನೇ ಫೋನ್ ಮಾಡಿದ್ದ. ಎಲ್ಲಾ ಹೇಳ್ದ. ನಾನು ಅವನ್ನೂ ಏನೂ ಕೇಳ್ಲಿಲ್ಲ, ನಿನ್ನನ್ನೂ ಕೇಳಲ್ಲ. ಏಳನೇ ಕೋಣೆ ನಿಂಗೇ ಕೊಡ್ಬೇಕಂತೆ. ಬೆಟ್ಟ ಅವಳದು, ನಾನು ಸುಮ್ನೆ ಜೊತೆಗೆ ಬರ್ತಿದ್ದೆ ಅಂದ.’

ಸಿಕ್ಕಿಬಿಟ್ಟಿತ್ತು. ಮೂರು ದಿನ ಹೊಂದಿಸಿದ ಮಾತು ಒಂದೂ ಬೇಕಾಗಲಿಲ್ಲ. ಇಮ್ಕೆಗೆ ಒಮ್ಮೆಗೇ ಹಗುರಾಯಿತು. ಆಮೇಲೆ ತಕ್ಷಣ, ಇವನು ಹೀಗೆ ಎಲ್ಲವನ್ನೂ ಕೊಟ್ಟು ಕೊಟ್ಟೇ ನನ್ನನ್ನು ಸಣ್ಣವಳು ಮಾಡುತ್ತಾನೆ ಎಂಬ ಹಳೆಯ ಹೊಟ್ಟೆಯುರಿ ಎದ್ದು ಬಂತು.

‘ಒಂದೇ ಒಂದು ತೊಡಕು’ ಎಂದಳು ಬುರ್ಗಿ. ‘ಬರೋದು ಇಪ್ಪತ್ತೈದನೇ ವರ್ಷ ಅಲ್ವಾ. ಅಷ್ಟು ವರ್ಷ ಬಂದ ಅತಿಥಿಗೆ ಊರಿನೋರು ಚಿನ್ನದ ಬಿಲ್ಲೆ ಕೊಡ್ತಾರೆ. ಬ್ಯಾಂಡು, ಮೇಯರ್ ಭಾಷಣ, ಎಲ್ಲಾ ಇರುತ್ತೆ. ನಾನು ಹೆಸರು ಕೊಡೋಕೆ ಹೋದೆ. ನೀವು ಬಂದಾಗ ತುಂಬ್ತೀರಲ್ಲ ಆ ಚೀಟಿ, ಅದು ನೋಡಿ ಅವರು ವರ್ಷ ಎಣಿಸೋದು. ಚೀಟೀಲಿ ಸಹಿ ಯಾವಾಗ್ಲೂ ಒನ್ನೊದು. ನಿನ್ನ ಹೆಸರು ಎಲ್ಲೂ ಇಲ್ಲ ಕಣೇ. ಜೊತೆಗೆ ಹೆಂಡತಿ, ಅಂತ ಅಷ್ಟೇ ಬರೆದಿದೆ.’

‘ಹಾಗಾದ್ರೆ ನಂದು?’

‘ಕಾಗದದ ಪ್ರಕಾರ ನೀನು ಬರೋದು ಇದೇ ಮೊದಲ್ನೇ ಸಲ. ನಗು ಬರಲ್ವಾ?’

ನಗು ಬರಲಿಲ್ಲ. ಬೇಲಿಗೆ ಬಿದ್ದವನಿಗೆ, ಪದಬಂಧ ತುಂಬಿದವನಿಗೆ ಇಪ್ಪತ್ನಾಲ್ಕು ವರ್ಷ. ಬೆಟ್ಟದ ಒಂದೊಂದು ತಿರುವನ್ನೂ ಕಣ್ಣುಮುಚ್ಚಿ ಇಳಿಯಬಲ್ಲ ತನಗೆ ಸೊನ್ನೆ. ಬಿಲ್ಲೆಯೇನೂ ಅವಳಿಗೆ ಬೇಕಾಗಿರಲಿಲ್ಲ. ಪ್ರತಿ ವರ್ಷ ಕಾರಿನಿಂದಿಳಿದ ಕೂಡಲೇ ಬೆಟ್ಟ ನೋಡಲು ಹಿತ್ತಿಲಿಗೆ ಓಡುತ್ತಿದ್ದವಳು ಅವಳೇ, ಚೀಟಿ ತುಂಬುವ ಕೆಲಸ ಅವನ ಮೇಲೆ ಬಿಟ್ಟು. ತಪ್ಪು ಯಾರದ್ದೂ ಅಲ್ಲ. ಆದರೂ ಮೈಯೆಲ್ಲ ಉರಿಯಿತು.

‘ಇನ್ನೊಂದು ಮಾತು’ ಎಂದಳು ಬುರ್ಗಿ. ದನಿ ತಗ್ಗಿತ್ತು. ‘ನಿಂಗೆ ಹೇಗೆ ಹೇಳೋದು ಅಂತ ಎರಡು ದಿನದಿಂದ ಒದ್ದಾಡ್ತಿದೀನಿ. ಅದೇ ವಾರಕ್ಕೆ ಮಾಡಿನ ಕೆಳಗಿನ ಸಣ್ಣ ಕೋಣೆ ಸಿಗುತ್ತಾ ಅಂತ ಕೇಳ್ದ. ನಿನ್ನ ಕಣ್ಣಿಗೂ ಬೀಳಲ್ವಂತೆ, ಊಟ ಅಡುಗೆಮನೇಲಿ ನಮ್ಮ ಜೊತೆ ಮಾಡ್ತಾನಂತೆ. ಆ ವಾರ ಇಲ್ಲಿಲ್ದೆ ಇನ್ನೆಲ್ಲಿರ್ಬೇಕು ಅಂತ ಗೊತ್ತಾಗ್ತಿಲ್ಲ ಬುರ್ಗಿ, ಅಂದ. ಮೊದಲು ಅವಳನ್ನ ಕೇಳು, ಅವಳು ಬೇಡ ಅಂದ್ರೆ ನಂಗೆ ಮನೆ ತುಂಬಿದೆ ಅಂತ ಹೇಳ್ಬಿಡು, ನಾನು ಅರ್ಥ ಮಾಡ್ಕೋತೀನಿ, ಅಂತ ಅದನ್ನೂ ಅವನೇ ಹೇಳಿಕೊಟ್ಟ.’

ಹೂಂ ಅನ್ನಬಹುದಿತ್ತು. ಒಂದು ಉಸಿರಿನ ಮಾತು. ಒನ್ನೊ ಮಾಡಿನ ಕೆಳಗೆ ತಲೆ ಬಗ್ಗಿಸಿಕೊಂಡು ಕಾಲುಚೀಲ ಎಳೆದುಕೊಳ್ಳುವುದು, ಅಡುಗೆಮನೆಯಲ್ಲಿ ಬುರ್ಗಿಯ ಮಾವನಿಗೆ ಭರತ ಇಳಿತ ಹೇಳುವುದು, ಎಲ್ಲ ಕಣ್ಣಿಗೆ ಕಟ್ಟಿತು. ಅದರ ಜೊತೆಗೇ, ತಾನು ತುದಿಯಲ್ಲಿ ನಿಂತಾಗ ಕೆಳಗೆಲ್ಲೋ ಅವನಿದ್ದಾನೆ ಎಂಬ ತಿಳಿವು ಬೆನ್ನಿಗೆ ಅಂಟಿಕೊಂಡಂತೆ ಆಯಿತು. ಒಂದು ವಾರ, ಒಂದೇ ಒಂದು ವಾರ, ಯಾರ ಹೆಂಡತಿಯೂ ಅಲ್ಲದೆ.

‘ತುಂಬಿದೆ ಅಂತ ಹೇಳ್ಬಿಡು’ ಅಂದಳು ಇಮ್ಕೆ.

ಬುರ್ಗಿ ಅಂದಳು: ‘ನಾನು ಹೇಳಲ್ಲ. ಈ ಮನೇಲಿ ಕೋಣೆ ಖಾಲಿ ಇಟ್ಕೊಂಡು ನಾನಾಗ್ಲಿ ನಮ್ಮತ್ತೆಯಾಗ್ಲಿ ಯಾರಿಗೂ ಇಲ್ಲ ಅಂದೋರಲ್ಲ. ಬೇಕಾದ್ರೆ ನೀನೇ ಹೇಳು. ಹೇಳಿ ನಂಗೆ ಫೋನ್ ಮಾಡು. ಆ ಸಣ್ಣ ಕೋಣೆಗೆ ಹಾಲೆಂಡಿನೋರು ಕಾಯ್ತಿದಾರೆ, ನಾಳೆ ಕೊಟ್ಬಿಡ್ತೀನಿ.’

ಒಂದು ಗಂಟೆ ಇಮ್ಕೆ ಕೋಣೆಯಿಂದ ಕೋಣೆಗೆ ಓಡಾಡಿದಳು. ಬಟ್ಟಲು ತೊಳೆದಳು, ಒರೆಸಿದಳು, ಒರೆಸಿದ್ದನ್ನೇ ಮತ್ತೆ ತೊಳೆದಳು. ನಿಜವನ್ನೇ ಹೇಳಿಬಿಡಬೇಕು ಎಂದು ನಿಶ್ಚಯಿಸಿದಳು: ಕೋಣೆ ಇದೆ ಒನ್ನೊ, ನಿನ್ನ ತಪ್ಪೇನೂ ಇಲ್ಲ, ನನಗೆ ಅಲ್ಲಿ ಒಬ್ಬಳೇ ಇರಬೇಕು. ಮೂರು ವಾಕ್ಯ. ಬಾಯಿಪಾಠ ಮಾಡಿದಳು. ಇಪ್ಪತ್ನಾಲ್ಕು ವರ್ಷದಲ್ಲಿ ಅವನಿಗೆ ತಡಮಾಡದೆ ನೇರವಾಗಿ ಹೇಳುವ ಮೊದಲ ನಿಜ ಇದಾಗಲಿ ಎಂದುಕೊಂಡಳು. ಐದು ಗಂಟೆಗೆ ನಂಬರು ಒತ್ತಿದಳು. ಎರಡನೇ ಸಲ ಸದ್ದಾಗುತ್ತಲೇ ಎತ್ತಿದ. ಫೋನಿನ ತುಂಬ ಗಾಳಿ, ದೂರದಲ್ಲಿ ಕಡಲಕ್ಕಿಗಳ ಗಲಾಟೆ. ಶರತ್ಕಾಲದ ತಪಾಸಣೆಗೆ ಒಡ್ಡಿನ ಮೇಲಿದ್ದ.

‘ಇಮ್ಕೆ? ಒಂದ್ನಿಮಿಷ, ಕೆಳಗಿಳೀತೀನಿ, ಇಲ್ಲಿ ಗಾಳಿಗೆ ಏನೂ ಕೇಳ್ಸಲ್ಲ.’ ಹುಲ್ಲಿನ ಮೇಲೆ ಅವನ ಹೆಜ್ಜೆ, ಏದುಸಿರು. ಗಾಳಿ ನಿಂತಿತು. ‘ಹಾಂ, ಹೇಳು. ಹುಷಾರಾಗಿದೀಯಾ?’

‘ಹುಷಾರಾಗಿದೀನಿ. ಬುರ್ಗಿ ಜೊತೆ ಮಾತಾಡ್ದೆ.’

‘ಓ.’

ಆ ಓ ಎಂಬುದರಲ್ಲಿ ಎಷ್ಟು ಆಸೆಯಿತ್ತೆಂದರೆ, ಬಾಯಿಪಾಠ ಮಾಡಿದ ಮೂರು ವಾಕ್ಯಗಳೂ ನಾಲಿಗೆಯ ಮೇಲೆಯೇ ಒಣಗಿದವು. ಇಮ್ಕೆ ಬಾಯಿ ತೆರೆದಳು. ಅವನು ಕಾದ. ಅವಳ ಮೌನವನ್ನು ಓದಲು ಅವನಿಗೆ ಎಷ್ಟೋ ವರ್ಷದ ಅಭ್ಯಾಸವಿತ್ತು.

‘ಮನೆ ತುಂಬಿದ್ಯಂತಾ?’ ಎಂದು ಅವನೇ ಕೇಳಿದ, ತೀರ ಮೆಲ್ಲಗೆ, ಬಿದ್ದವರಿಗೆ ಕೈ ಕೊಡುವ ಹಾಗೆ.

‘ಹೂಂ’ ಅಂದಳು ಇಮ್ಕೆ. ‘ತುಂಬಿದೆಯಂತೆ.’

‘ನಾನೂ ಅದೇ ಅಂದ್ಕೊಂಡೆ. ಫೆಬ್ರುವರಿ ಅಲ್ವಾ, ಕೋಣೆ ಇರಲ್ಲ.’ ಏನೋ ಜ್ಞಾಪಕ ಬಂದವನಂತೆ ಅವಸರದ ದನಿಯಲ್ಲಿ ಅಂದ: ‘ನೋಡು, ಕಾರಿನ ಚಕ್ರಕ್ಕೆ ಹಾಕೋ ಹಿಮದ ಸರಪಳಿ ನನ್ನ ಗ್ಯಾರೇಜಲ್ಲೇ ಉಳಿದಿದೆ. ಆ ಕೊನೇ ಏರು ಸರಪಳಿ ಇಲ್ದೆ ಹತ್ತೋಕಾಗಲ್ಲ. ನಿಂಗೆ ಹಾಕೋಕೆ ಬರಲ್ಲ, ಯಾವಾಗ್ಲೂ ನಾನೇ ಹಾಕ್ತಿದ್ದೆ. ಶನಿವಾರ ತರ್ತೀನಿ. ನಿಮ್ಮ ಬೇಕರಿ ಹಿಂದುಗಡೆ ಅಂಗಳ ಇದೆಯಲ್ಲ, ಅಲ್ಲೇ ಎರಡು ಮೂರು ಸಲ ಹಾಕಿಸಿ ತೆಗೆಸ್ತೀನಿ. ಕಷ್ಟ ಏನಿಲ್ಲ, ಬೆರಳು ಮರಗಟ್ಟೋ ಮೊದಲು ಕೊಂಡಿ ಸಿಕ್ಕಿಸ್ಬೇಕು, ಅಷ್ಟೇ. ಹತ್ತು ಗಂಟೆಗೆ ಬರಲಾ?’

‘ಬಾ’ ಅಂದಳು.

ಐದೂ ಮುಕ್ಕಾಲಿಗೆ ಅವಳು ಮತ್ತೆ ಬುರ್ಗಿಗೆ ಫೋನು ಮಾಡಿದಳು.

‘ಹೇಳ್ದ್ಯಾ?’

‘ಹೇಳ್ದೆ.’

‘ಏನಂದ?’

‘ಚಕ್ರಕ್ಕೆ ಸರಪಳಿ ಹಾಕೋದು ಕಲಿಸಿಕೊ‌ಡ್ತೀನಿ ಅಂದ.’

ಬುರ್ಗಿಯ ಹಿಂದೆ ಯಾರೋ ಪಾತ್ರೆ ಇಟ್ಟರು, ಬಾಗಿಲು ಹಾಕಿದರು.

‘ಹಾಗಾದ್ರೆ ಒಬ್ಬಳೇ’ ಎಂದಳು ಬುರ್ಗಿ. ‘ಬರ್ಕೋತೀನಿ.’

‘ಬರ್ಕೊ’ ಅಂದಳು ಇಮ್ಕೆ. ಬೇಕಾಗಿದ್ದದ್ದು ಅಷ್ಟೂ ಸಿಕ್ಕಿತ್ತು. ಫೋನು ಕೆಳಗಿಟ್ಟು, ಅಡುಗೆಮನೆಯ ನಡುವೆ ನಿಂತುಕೊಂಡೇ ಅವಳು ಅತ್ತಳು.